ನಾಲ್ಕು ಪಿನ್ನಿನ ಅಡಾಪ್ಟರಿಗಾಗಿ ಹತ್ತು ದಿನ

ಜೂನ್ 9, ಸೋಮವಾರ, ಬೆಳಿಗ್ಗೆ 10.40. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಹಳ್ಳಿ. ಆ ದಿನದ ಮೂರನೆಯ ದೂರು. ನೋಟ್‌ಬುಕ್ಕಿನಲ್ಲಿ ಹೀಗಿದೆ: "ಇಂಟರ್‌ನೆಟ್ ಇಲ್ಲ. ನಿನ್ನೆ ಕರೆಂಟು ಜೋರಾಗಿ ಬಂದು ಹೋಯಿತಂತೆ."

ಚಿಕ್ಕಬಳ್ಳಾಪುರದ ಒಂದು ಸಣ್ಣ ಇಂಟರ್‌ನೆಟ್ ಸಂಸ್ಥೆಯಲ್ಲಿ ನನಗೆ ಕೆಲಸ. ದೂರು ಬಂದ ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ ರೂಟರ್ ನೋಡುತ್ತೇನೆ. ಪ್ರತಿ ಮನೆಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ತಾರೀಖು, ಹೊತ್ತು, ಏನು ಕೆಟ್ಟಿತ್ತು, ಏನು ಮಾಡಿದೆ. ಅಡಾಪ್ಟರ್ ಬದಲಿಸಿದರೆ ವೋಲ್ಟು, ಆಂಪ್ಸು, ಪಿನ್ನಿನ ಅಳತೆ. ಜನವರಿಯಿಂದ ಆ ದಿನದವರೆಗೆ ಬದಲಿಸಿದ್ದು 61. ಅದರಲ್ಲಿ 58 ಒಂದೇ ಜಾತಿಯವು: ಹನ್ನೆರಡು ವೋಲ್ಟು, ದುಂಡು ಪಿನ್ನು, ಒಳಗೆ ಪ್ಲಸ್ಸು, ಹೊರಗೆ ಮೈನಸ್ಸು. ಅಂಥವು ಬ್ಯಾಗಿನಲ್ಲಿ ಯಾವಾಗಲೂ ಆರು ಇರುತ್ತವೆ. ಆ ಮನೆಯ ರೂಟರಿಗೂ ಅದೇ ಸಾಕಾಯಿತು. ನಾಲ್ಕು ನಿಮಿಷದ ಕೆಲಸ.

ಹೊರಡಲು ಬ್ಯಾಗು ಹೆಗಲಿಗೇರಿಸುವಾಗ ಮನೆಯ ತಾಯಿ ಬೀರುವಿನಿಂದ ಟವೆಲಿನಲ್ಲಿ ಸುತ್ತಿದ ಒಂದು ಕಪ್ಪು ಪೆಟ್ಟಿಗೆ ತಂದರು. ದಪ್ಪ ಪುಸ್ತಕದಷ್ಟು ಗಾತ್ರ.

"ಇದಕ್ಕೂ ಒಂದು ಹಾಕ್ಬಿಟ್ಟು ಹೋಗಮ್ಮ. ಅದೇ ಕರೆಂಟಿಗೆ ಇದೂ ಹೋಗೈತೆ."

ಅದು ನಮ್ಮ ಸಂಸ್ಥೆಯದ್ದಲ್ಲ. ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿ ವಿಡಿಯೊ, ಫೋಟೊ ಕೂಡಿಡುವ ಪೆಟ್ಟಿಗೆ. ಒಳಗೆ ಒಂದು ಹಾರ್ಡ್ ಡಿಸ್ಕ್ ಇರುತ್ತದೆ, ರೂಟರಿನ ಮೂಲಕ ಟಿವಿಯಲ್ಲಿ ನೋಡಬಹುದು. ಪಟ್ಟಣದ ಮನೆಗಳಲ್ಲೇ ಅಪರೂಪ. ರೇಷ್ಮೆಹುಳ ಸಾಕುವವರ ಮನೆಯಲ್ಲಿ ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಅದರ ಅಡಾಪ್ಟರನ್ನು ಕೈಗೆ ತೆಗೆದುಕೊಂಡೆ. ಮೈ ಉಬ್ಬಿತ್ತು, ಲೇಬಲ್ಲು ಬಿಸಿಗೆ ಕರಗಿ ಅಕ್ಷರ ಅಳಿಸಿಹೋಗಿತ್ತು. ತುದಿಯಲ್ಲಿ ದುಂಡು ಪಿನ್ನಿನ ಬದಲು ನಾಲ್ಕು ಸಣ್ಣ ಕಡ್ಡಿಗಳಿದ್ದ ಪ್ಲಗ್ಗು.

"ಇದು ನನ್ನ ಹತ್ರ ಇಲ್ಲ ಅಮ್ಮ. ಇದ್ರಲ್ಲಿ ಏನಿದೆ?"

"ನಮ್ಮ ದೊಡ್ಡೋಳು ಮಾತಾಡಿರೋದೆಲ್ಲ ಇದ್ರಲ್ಲೇ ಐತೆ."

ಧ್ವನಿ ಅಂದುಕೊಂಡೆ. ಅಲ್ಲ. ಆ ತಾಯಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಹುಟ್ಟಿದಾಗಿನಿಂದ ಕಿವಿ ಕೇಳದು. ದೊಡ್ಡವಳು ಎರಡು ವರ್ಷ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿದ್ದು, ಅಲ್ಲಿ ಇರಲಾರದೆ ಊರಿಗೆ ಬಂದಳು. ಅಲ್ಲಿಂದ ಸ್ವಲ್ಪ ಕೈಮಾತು ತಂದಿದ್ದಳು. ಉಳಿದದ್ದನ್ನು ತಾನೇ ಹುಟ್ಟಿಸಿಕೊಂಡಳು. ತಂಗಿಗೆ ಕಲಿಸಿದ್ದು ಅದನ್ನೇ. ಅಪ್ಪ ಅಮ್ಮನಿಗೆ ಚಿಕ್ಕವಳು ಏನು ಹೇಳುತ್ತಿದ್ದಾಳೆಂದು ತಿಳಿಯದಿದ್ದರೆ ದೊಡ್ಡವಳು ನಡುವೆ ಬಂದು ತಿಳಿಸುತ್ತಿದ್ದಳು. ತಂದೆ ಒಂದೊಂದು ಮಾತನ್ನೂ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು: ದೊಡ್ಡವಳು ಒಂದು ವಸ್ತು ತೋರಿಸಿ ಕೈಮಾತು ಮಾಡುವುದು, ಚಿಕ್ಕವಳು ನೋಡಿ ಮಾಡುವುದು. ಮೊಬೈಲು ತುಂಬಿದಾಗ ಚಿಕ್ಕಬಳ್ಳಾಪುರದಲ್ಲಿ ಮುಚ್ಚುತ್ತಿದ್ದ ಒಂದು ಫೋಟೊ ಸ್ಟುಡಿಯೊದವರು ಈ ಪೆಟ್ಟಿಗೆ ಕೊಟ್ಟು, ಎಲ್ಲವನ್ನೂ ಅದಕ್ಕೆ ತುಂಬಿ, ಮೊಬೈಲು ಖಾಲಿ ಮಾಡಿಕೊಟ್ಟಿದ್ದರು. ಹೋದ ವರ್ಷ ಮಳೆಗಾಲದಲ್ಲಿ ದೊಡ್ಡವಳಿಗೆ ಜ್ವರ ಬಂತು. ಆರು ದಿನ. ಅವಳಿಗೆ ಹದಿಮೂರು ವರ್ಷ.

"ನಾವು ಅವಳ ಹತ್ರ ಕಲೀಲೇ ಇಲ್ಲ ಕಣಮ್ಮ" ಅಂದರು ತಾಯಿ. "ಅವಳು ಇದ್ಲಲ್ಲ, ಇನ್ಯಾಕೆ ಅಂದ್ಕೊಂಡ್ವಿ."

ಚಿಕ್ಕವಳಿಗೆ ಆರು ವರ್ಷ. ಬಾಗಿಲ ಪಕ್ಕ ನಿಂತು ನನ್ನ ಬ್ಯಾಗಿನ ಜಿಪ್ಪನ್ನು ನೋಡುತ್ತಿದ್ದಳು. ಅಕ್ಕ ಹೋದ ಮೇಲೆ ದಿನಾ ಸಂಜೆ ಟಿವಿಯಲ್ಲಿ ಆ ವಿಡಿಯೊ ಹಾಕುತ್ತಿದ್ದರಂತೆ. ನೋಡಿ ಅವಳೂ ಮಾಡುತ್ತಿದ್ದಳು, ತಾಯಿಯೂ ನಿಧಾನವಾಗಿ ಕಲಿಯುತ್ತಿದ್ದರು. ತಾಲ್ಲೂಕಿನ ವಿಶೇಷ ಶಿಕ್ಷಕಿ, "ಆ ವಿಡಿಯೊ ತನ್ನಿ, ಅವಳಿಗೆ ಗೊತ್ತಿರೋ ಮಾತಿಂದಲೇ ಪಾಠ ಶುರು ಮಾಡಣ" ಅಂದಿದ್ದರಂತೆ. ತಾಯಿ ತಮಗೆ ಬರುವ ಕೈಮಾತುಗಳನ್ನು ನನಗೆ ಮಾಡಿ ತೋರಿಸಿದರು. ಅಭ್ಯಾಸ ಬಲದಿಂದ ಬರೆದುಕೊಂಡೆ: 23.

ಅಡಾಪ್ಟರಿನ ಲೇಬಲ್ಲು ಓದಲಾಗದ್ದರಿಂದ ಪೆಟ್ಟಿಗೆಯ ತಳ ನೋಡಿದೆ. ಅಲ್ಲಿ ಒಂದು ಸ್ಟಿಕ್ಕರು, ಅದರಲ್ಲಿ ಒಂದು ವೃತ್ತ, ವೃತ್ತದಲ್ಲಿ ನಾಲ್ಕು ಚುಕ್ಕೆ: ಮೇಲೆ ಎಡಕ್ಕೆ ಹನ್ನೆರಡು ವೋಲ್ಟು, ಮೇಲೆ ಬಲಕ್ಕೆ ಐದು ವೋಲ್ಟು, ಕೆಳಗಿನ ಎರಡೂ ಮೈನಸ್ಸು. ಅಂದರೆ ಒಂದೇ ಅಡಾಪ್ಟರಿನಿಂದ ಎರಡು ಬಗೆಯ ಕರೆಂಟು ಹೋಗಬೇಕು: ಡಿಸ್ಕಿನ ಮೋಟರಿಗೆ ಹನ್ನೆರಡು, ಪೆಟ್ಟಿಗೆಯ ಒಳಗಿನ ಬೋರ್ಡಿಗೆ ಐದು. ರೂಪಾಯಿ ನಾಣ್ಯ ಇಟ್ಟು ನೋಟ್‌ಬುಕ್ಕಿನಲ್ಲಿ ವೃತ್ತ ಎಳೆದೆ, ನಾಲ್ಕು ಚುಕ್ಕೆ ಇಟ್ಟೆ, ಪಕ್ಕದಲ್ಲಿ ವೋಲ್ಟು ಬರೆದೆ. ತಾರೀಖು, 11.25.

ಪೆಟ್ಟಿಗೆ ಒಯ್ಯುತ್ತೇನೆಂದೆ. ತಾಯಿ ಒಪ್ಪಲಿಲ್ಲ.

"ಅಡಾಪ್ಟ್ರು ತಗೊಂಡೋಗು. ಪೆಟ್ಟಿಗೆ ಮನೆ ದಾಟಲ್ಲ."

ಹೊಲದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ ತಂದೆ ಇನ್ನೊಂದು ಮಾತು ಸೇರಿಸಿದರು: "ಹುಳ ಈಗ ಎರಡ್ನೇ ಜ್ವರದಾಗವೆ. ನಾಲ್ಕನೇ ಜ್ವರ ಏಳೋದ್ರೊಳಗೆ ತಂದು ಹಾಕ್ಬಿಡಮ್ಮ. ಆಮೇಲೆ ಗೂಡು ಬಿಡ್ಸೋಗಂಟ ಹೊರಗಿನೋರ್ನ ಒಳಗೆ ಸೇರ್ಸಲ್ಲ ನಾವು."

ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದನ್ನೇ ಜ್ವರ ಅನ್ನುತ್ತಾರೆ. ನಾಲ್ಕನೆಯದಾದ ಮೇಲೆ ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆಂದು ಬಾಗಿಲಲ್ಲೇ ತಡೆಯುತ್ತಾರೆ. ಇವರದ್ದು ಒಂದೇ ಮನೆ, ಅರ್ಧದಲ್ಲಿ ಹುಳ, ಅರ್ಧದಲ್ಲಿ ಸಂಸಾರ. ಲೆಕ್ಕ ಹಾಕಿದೆ. ನನಗೆ ಸಿಕ್ಕಿದ್ದು ಜೂನ್ 18ರವರೆಗೆ.

ಜೂನ್ 10, 11. ಚಿಕ್ಕಬಳ್ಳಾಪುರದಲ್ಲಿ ಏಳು ಅಂಗಡಿ. ಆರರಲ್ಲಿ "ಈ ಪಿನ್ನು ಬರಲ್ಲ" ಎಂಬ ಒಂದೇ ಉತ್ತರ. ಏಳನೆಯ ಕಂಪ್ಯೂಟರ್ ಅಂಗಡಿಯವರು ಸ್ವಲ್ಪ ಯೋಚಿಸಿ, "ಅಡಾಪ್ಟರ್ ಯಾಕೆ ಹುಡುಕ್ತೀರ ಮೇಡಂ? ಡಿಸ್ಕ್ ತೆಗೆದು ನಮ್ಮ ಕಂಪ್ಯೂಟರಿಗೆ ಹಾಕಿದ್ರೆ ಆಯ್ತಲ್ಲ" ಅಂದರು. ನನಗೂ ಮೊದಲು ಹೊಳೆದದ್ದು ಅದೇ. ಆ ಪೆಟ್ಟಿಗೆಯ ಕೈಪಿಡಿಯನ್ನು ಇಂಟರ್‌ನೆಟ್ಟಿನಲ್ಲಿ ಓದಿದ್ದೆ. ಅದು ಡಿಸ್ಕಿಗೆ ಬರೆಯುವುದನ್ನೆಲ್ಲ ತನ್ನದೇ ಬೀಗ ಹಾಕಿ ಬರೆಯುತ್ತದೆ. ಬೀಗದ ಕೈ ಇರುವುದು ಪೆಟ್ಟಿಗೆಯ ಒಳಗಿನ ಬೋರ್ಡಿನ ಚಿಪ್ಪಿನಲ್ಲಿ. ಪೆಟ್ಟಿಗೆ ಎದ್ದರೆ ಮಾತ್ರ ಡಿಸ್ಕು ಓದಲು ಬರುತ್ತದೆ. ಅಂಗಡಿಯವರು, "ಓಹೋ, ಅತ್ತೆ ಮನೆ ಬೀರು ಅನ್ನಿ" ಎಂದು ನಕ್ಕರು.

ಆನ್‌ಲೈನಿನಲ್ಲಿ ಹೊರದೇಶದ ಒಬ್ಬ ಮಾರಾಟಗಾರನ ಹತ್ತಿರ ಅದೇ ಬಗೆಯದಿತ್ತು, ಬರಲು ನಲವತ್ತು ದಿನ. ಪಿನ್ನಿನ ಕ್ರಮ ಕೇಳಿ ಮೂರು ಸಲ ಬರೆದೆ. ಉತ್ತರ ಬರಲಿಲ್ಲ.

ಆಫೀಸಿನಲ್ಲಿ ನಮ್ಮ ಹಿರಿಯರು ಗಮನಿಸಿದ್ದರು. "ಏನಮ್ಮ ರಿಸರ್ಚ್ ಮೇಡಂ, ನಮ್ದಲ್ಲದ ಡಬ್ಬಕ್ಕೆ ಊರೂರು ಸುತ್ತಿದ್ರೆ ಪೆರೇಸಂದ್ರದ ಮೂರು ಕಂಪ್ಲೇಂಟು ನಾನ್ ಹೋಗಿ ನೋಡ್ಲಾ?" ಎಂದರು. ಅವತ್ತೇ ಮೂರನ್ನೂ ಮುಗಿಸಿದೆ. ವಿಷಯ ಹೇಳಿದ ಮೇಲೆ ಅವರು ಬೈಯಲಿಲ್ಲ. ಮುಂದಿನ ಬುಧವಾರ ಮಧ್ಯಾಹ್ನದ ರಜೆ ತಾವೇ ಕೊಟ್ಟರು.

ಜೂನ್ 14, ಶನಿವಾರ, ಚಿಂತಾಮಣಿ. ಬಸ್ ಸ್ಟ್ಯಾಂಡಿನ ಹಿಂದೆ ಕ್ಯಾಮೆರಾ, ಡಿಶ್ಶು, ಸೆಟ್‌ಟಾಪ್ ಬಾಕ್ಸಿನ ಸಾಮಾನು ಮಾರುವ ಅಂಗಡಿ. ಅಂಗಡಿಯವರು ಐವತ್ತರ ಆಸುಪಾಸಿನವರು, ಗಿರಾಕಿಗಳ ಜೊತೆ ಅರ್ಧ ತೆಲುಗು, ಅರ್ಧ ಕನ್ನಡ. ನಾನು ಕೊಟ್ಟ ಸತ್ತ ಅಡಾಪ್ಟರಿನ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, ಒಳಗಿಂದ ಒಂದು ಹೊಸ ಡಬ್ಬಿ ತಂದಿಟ್ಟರು. ನಾಲ್ಕೇ ಪಿನ್ನು. ಅದೇ ಗಾತ್ರ. ಅವರಲ್ಲೇ ಇದ್ದ ಒಂದು ಸಾಕೆಟ್ಟಿಗೆ ಎರಡನ್ನೂ ಹಾಕಿ ನೋಡಿದೆ. ಎರಡೂ ಬಿಗಿಯಾಗಿ ಕೂತವು. 

ಮಲ್ಟಿಮೀಟರ್ ತೆಗೆದೆ.

"ಸರಿಪೋಯಿಂದಿ ಕದಮ್ಮಾ, ಇನ್ನೇನ್ ನೋಡ್ತೀಯ?"

"ವೋಲ್ಟು ನೋಡ್ತೀನಿ ಸಾರ್."

"ಕೂತ್ಕೊಂಡೈತಲ್ಲ! ಹೆಣ್ಣು ಗಂಡು ಒಪ್ಪಿದ್ ಮೇಲೂ ಜಾತಕ ಕೇಳೋಳು ನೀನು."

ಮೀಟರು ತೋರಿಸಿತು: ಮೇಲಿನ ಎರಡೂ ಪಿನ್ನಿನಲ್ಲಿ ಹನ್ನೆರಡು. ಅದು ಕ್ಯಾಮೆರಾ ರೆಕಾರ್ಡರಿನ ಅಡಾಪ್ಟರು. ಅದರಲ್ಲಿ ಐದು ವೋಲ್ಟಿನ ಮಾತೇ ಇಲ್ಲ. ಹಾಕಿದ್ದರೆ ಪೆಟ್ಟಿಗೆಯ ಬೋರ್ಡು ಸುಟ್ಟುಹೋಗುತ್ತಿತ್ತು. ಅಂಗಡಿಯವರು ಮೀಟರು ನೋಡಿ ಗಂಭೀರರಾದರು. "ಒಳ್ಳೇದಾಯ್ತು ಕಣಮ್ಮ, ಜಾತಕ ನೋಡಿದ್ದು" ಅಂದರು. ಬಸ್ಸಿನಲ್ಲಿ ಬರೆದೆ: "ಪ್ಲಗ್ ಕೂತರೆ ಸಾಲದು. ಬಚಾವು." ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಗೌರಿಬಿದನೂರಿನ ರಿಪೇರಿಯವರ ವಿಷಯ ತಿಳಿದದ್ದು ಚಿಂತಾಮಣಿಯ ಇವರಿಂದಲೇ. ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ಟಿವಿ, ಮೋಟರು, ಸ್ಟೆಬಿಲೈಸರ್ ರಿಪೇರಿ ಮಾಡುವ ಹಿರಿಯರು. "ಇಲ್ಲದ್ದನ್ನ ಕಟ್ಟಿಕೊಡ್ತಾರೆ, ಹೋಗು" ಎಂದಿದ್ದರು.

ಜೂನ್ 18, ಬುಧವಾರ. ಬೆಳಿಗ್ಗೆ ಎಂಟಕ್ಕೆ ಹುಡುಗಿಯ ತಂದೆಯ ಫೋನು: "ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ನಾಳೆ ಏಳ್ತವೆ. ಇವತ್ತು ಬರೋದಾದ್ರೆ ಬಾಮ್ಮ, ಇಲ್ದಿದ್ರೆ ಗೂಡು ಬಿಡ್ಸಿದ್ ಮೇಲೇಯ." ಕಚೇರಿ ಮುಗಿಸಿ ಮಧ್ಯಾಹ್ನ 1.20ಕ್ಕೆ ಗೌರಿಬಿದನೂರಿನ ಅಂಗಡಿ ತಲುಪಿದೆ.

ರಿಪೇರಿಯವರಿಗೆ ಎಪ್ಪತ್ತರ ಹತ್ತಿರ. ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಹನ್ನೆರಡು ವೋಲ್ಟಿನದೊಂದು, ಐದು ವೋಲ್ಟಿನದೊಂದು ಅಡಾಪ್ಟರು ತೆಗೆದು ಮೇಜಿನ ಮೇಲಿಟ್ಟರು. ಎರಡರ ಮೈನಸ್ಸನ್ನು ಒಂದು ಮಾಡಿ, ಹಳೆಯ ಅಡಾಪ್ಟರಿನ ವೈರನ್ನು ಪ್ಲಗ್ಗಿನ ಸಮೇತ ಕತ್ತರಿಸಿ ಇದಕ್ಕೆ ಬೆಸೆಯುವುದು. ಮಾಡಬಹುದಾದ ಕೆಲಸ.

ಪ್ಲಗ್ಗು ಕತ್ತರಿಸಿದ ಮೇಲೆ ಹಳೆಯ ಅಡಾಪ್ಟರಿನ ಉಬ್ಬಿದ ಮೈಯನ್ನು ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಲು ಹೋದರು.

"ಅದನ್ಯಾಕೆ ಸಾರ್?"

"ಒಳಗೆ ನೋಡ್ಬೇಕಲ್ಲಮ್ಮ. ಯಾವ ವೈರಲ್ಲಿ ಹನ್ನೆರಡು ಬರ್ತಿತ್ತು, ಯಾವುದ್ರಲ್ಲಿ ಐದು ಅಂತ. ಕೆಪಾಸಿಟರ್ ಮೇಲೆ ಬರ್ದಿರುತ್ತೆ. ಹನ್ನೆರಡರ ಲೈನಿಗೆ ಹದಿನಾರು ವೋಲ್ಟಿಂದು ಹಾಕಿರ್ತಾರೆ, ಐದರ ಲೈನಿಗೆ ಹತ್ತರದ್ದು."

"ಎಷ್ಟು ಹೊತ್ತಾಗುತ್ತೆ?"

"ಅಂಟು ಹಾಕಿ ಮುಚ್ಚವ್ರೆ. ಕುಯ್ಯಬೇಕು. ಅರ್ಧ ಮುಕ್ಕಾಲು ಗಂಟೆ."

ಆಗ 2.05. 2.40ರ ಬಸ್ಸು ತಪ್ಪಿದರೆ ಚಿಕ್ಕಬಳ್ಳಾಪುರದಿಂದ ಸ್ಕೂಟರು ತೆಗೆದುಕೊಂಡು ಆ ಹಳ್ಳಿ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಕತ್ತಲಾದ ಮೇಲೆ ಹುಳವಿರುವ ಮನೆಗೆ ಹೊರಗಿನವರು ಹೋಗುವುದಿಲ್ಲ. ನಾನು ನೋಟ್‌ಬುಕ್ಕು ತೆರೆದು ಮುಂದೆ ಹಿಡಿದೆ.

"ಪಿನ್ನಿನ ಕ್ರಮ ಇಲ್ಲೇ ಇದೆ ಸಾರ್. ಪೆಟ್ಟಿಗೆ ಮೇಲಿಂದಾನೇ ಬರ್ಕೊಂಡಿದ್ದು."

ಅವರು ನೋಡಿದರು. ನಾಣ್ಯದ ವೃತ್ತ, ನಾಲ್ಕು ಚುಕ್ಕೆ, ತಾರೀಖು, ಹೊತ್ತು.

"ನಾನು ಕಾಗದ ನೋಡಿ ಕಟ್ದೋನಲ್ಲ ಕಣಮ್ಮ. ವೈರ್ ಹಿಡ್ಕೊಂಡು ಹೋಗೋನು."

"ನಾನು ಒಂದನ್ನೂ ತಪ್ಪು ಬರೆಯಲ್ಲ ಸಾರ್."

ಈ ಮಾತು ನೋಟ್‌ಬುಕ್ಕಿನಲ್ಲಿಲ್ಲ. ಬರೆದುಕೊಳ್ಳದಿದ್ದರೂ ನನಗೆ ಅಕ್ಷರ ಅಕ್ಷರ ನೆನಪಿದೆ. ಅವರು ಇನ್ನೊಮ್ಮೆ ಪುಟ ನೋಡಿ, "ಓದಿದೋರು, ಇಷ್ಟು ನೀಟಾಗಿ ಬರ್ದಿದ್ದೀರ" ಅಂದು ವೈಸನ್ನು ಸಡಿಲಿಸಿದರು. ಪ್ಲಗ್ಗನ್ನು ತಮ್ಮ ಕಡೆಗೆ ತಿರುಗಿಸಿ ಹಿಡಿದು, ನನ್ನ ಚಿತ್ರದಲ್ಲಿ ಮೇಲೆ ಎಡಕ್ಕಿದ್ದ ಚುಕ್ಕೆಗೆ ಪ್ಲಗ್ಗಿನ ಮೇಲಿನ ಎಡ ಪಿನ್ನನ್ನು ಹೊಂದಿಸಿದರು. ಅದರಿಂದ ಬರುವ ವೈರಿಗೆ ಹನ್ನೆರಡು. ಬಲಕ್ಕೆ ಐದು. ಬೆಸುಗೆ ಹಾಕಿ, ಟೇಪು ಸುತ್ತಿ, ಕರೆಂಟು ಕೊಟ್ಟರು. ಪ್ಲಗ್ಗನ್ನು ಅದೇ ರೀತಿ ಹಿಡಿದು ನಾನು ಮೀಟರಿನಲ್ಲಿ ನೋಡಿದೆ. ಎಡಕ್ಕೆ 12.1. ಬಲಕ್ಕೆ 5.0. ನೋಟ್‌ಬುಕ್ಕಿನ ಚಿತ್ರದ ಪಕ್ಕ ಟಿಕ್ ಹಾಕಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು ಮತ್ತೊಮ್ಮೆ ನೋಡಿದೆ, ಟಿಕ್. ಆ ಮನೆಯಲ್ಲಿ ಸಿಕ್ಕಿಸುವ ಮೊದಲು ಮೂರನೆಯ ಸಲ. ಟಿಕ್.

ಸಂಜೆ 5.10. ಬಾಗಿಲಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದೆ. ಹುಳಗಳು ತಟ್ಟೆಗಳಲ್ಲಿ ತಲೆ ಎತ್ತಿ ಅಲುಗಾಡದೆ ನಿಂತಿದ್ದವು. ಸೊಪ್ಪು ಮೇಯುವ ಸದ್ದಿರಲಿಲ್ಲ. ತಾಯಿ ಟವೆಲು ಬಿಚ್ಚಿ ಪೆಟ್ಟಿಗೆ ಇಟ್ಟರು. ಚಿಕ್ಕವಳು ಬಂದು ನೋಡಿದಳು. ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಮುಂದಿನ ನೀಲಿ ದೀಪ ಹತ್ತಿತು.

"ಬಂತು!" ಅಂದರು ತಾಯಿ.

ಟಪ್ ಎಂದು ಸಣ್ಣ ಸದ್ದು. ದೀಪ ಹೋಯಿತು. ಸುಟ್ಟ ವಾಸನೆ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತೆ. ಎಲ್ಲ ಸೇರಿ ಎರಡು ಸೆಕೆಂಡೂ ಆಗಿರಲಿಲ್ಲ.

ಆ ಎರಡು ಸೆಕೆಂಡಿನಲ್ಲಿ ಚಿಕ್ಕವಳು ದೀಪ ನೋಡಿಬಿಟ್ಟಿದ್ದಳು. ಓಡಿಹೋಗಿ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು, ತೊಡೆಯ ಮೇಲೆ ಎರಡೂ ಕೈ ಇಟ್ಟು. ನಾನು ಹೊರಡುವವರೆಗೂ ಅಲ್ಲೇ ಕೂತಿದ್ದಳು. ಅವಳಿಗೆ ಇವತ್ತು ಬರುವುದಿಲ್ಲವೆಂದು ಹೇಳುವ ಕೈಮಾತು ಯಾವುದೆಂದು ತಾಯಿಯನ್ನು ಕೇಳಿದೆ.

"'ಇಲ್ಲ' ಅನ್ನಕ್ಕೆ ಬರುತ್ತೆ. 'ಇವತ್ತು' ಬರಲ್ಲ ನಂಗೆ. ಬರೀ ಇಲ್ಲ ಅಂದ್ರೆ ಅವಳೇನ್ ಅಂದ್ಕೊಂತಾಳೋ."

ಏನಾಯಿತೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುತ್ತಿಲ್ಲವೆಂದೇ ಹೇಳಿದೆ. ಮೊದಲ ಸಲ ತಾಯಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. "ತಗೊಂಡೋಗಿ ನೋಡಮ್ಮ" ಅಂದರು, ಅಷ್ಟೆ.

ಜೂನ್ 19, ಗುರುವಾರ, ಬೆಳಿಗ್ಗೆ 7.30. ಪೆಟ್ಟಿಗೆಯನ್ನು ಬೋರಲು ಹಾಕಿ ಸ್ಟಿಕ್ಕರನ್ನು ಭೂತಗನ್ನಡಿಯಲ್ಲಿ ಓದಿದೆ. ವೃತ್ತದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಚಿತ್ರವು ಪೆಟ್ಟಿಗೆಯ ಸಾಕೆಟ್ಟನ್ನು ಎದುರಿನಿಂದ ನೋಡಿದಂತೆ ಇದೆ ಎಂದು ಅದರ ಅರ್ಥ. ಆ ಸಾಲನ್ನು ನಾನು ಬರೆದುಕೊಂಡಿರಲಿಲ್ಲ.

ಸಾಕೆಟ್ಟಿನಲ್ಲಿ ಎಡಕ್ಕೆ ಕಾಣುವ ತೂತಿಗೆ ಹೋಗುವುದು, ಪ್ಲಗ್ಗನ್ನು ನಮ್ಮ ಕಡೆ ತಿರುಗಿಸಿದಾಗ ಬಲಕ್ಕೆ ಕಾಣುವ ಪಿನ್ನು. ಎದುರುಬದುರು ನಿಂತ ಇಬ್ಬರ ಎಡಗೈ ಬಲಗೈಯಂತೆ. ನನ್ನ ಚಿತ್ರ ಸಾಕೆಟ್ಟಿನದು, ರಿಪೇರಿಯವರು ಹಿಡಿದದ್ದು ಪ್ಲಗ್ಗು. ಐದು ವೋಲ್ಟು ಹೋಗಬೇಕಾದಲ್ಲಿ ಹನ್ನೆರಡು ಹೋಗಿತ್ತು. ನಾನು ಮೂರು ಸಲ ಪರೀಕ್ಷಿಸಿದ್ದು ನಿಜ. ಮೂರು ಸಲವೂ ಆ ಚಿತ್ರದ ಜೊತೆಗೇ ಹೋಲಿಸಿದ್ದೆ.

ಆದರೂ ನಂಬಲಾರದೆ, ವಾಪಸು ತಂದಿದ್ದ ಹಳೆಯ ಅಡಾಪ್ಟರನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಗರಗಸದಿಂದ ಕುಯ್ದೆ. ಒಳಗೆ ಎರಡು ಕೆಪಾಸಿಟರ್. ಒಂದರ ಮೇಲೆ ಹದಿನಾರು, ಇನ್ನೊಂದರ ಮೇಲೆ ಹತ್ತು. ಹದಿನಾರರದ್ದಕ್ಕೆ ಅಂಟಿಕೊಂಡಿದ್ದ ತುಂಡು ವೈರಿನ ಬಣ್ಣ ಹಳದಿ. ಹೊಸದರಲ್ಲಿ ಹಳದಿಗೆ ನಾವು ಕೊಟ್ಟಿದ್ದು ಐದು. ಕುಯ್ಯಲು ಹಿಡಿದ ಹೊತ್ತು: 25 ನಿಮಿಷ.

ಜೂನ್ 21. ಚಿಕ್ಕಬಳ್ಳಾಪುರದ ಆ ಕಂಪ್ಯೂಟರ್ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿದೆ. ಬೋರ್ಡಿನ ನಡುವಿನ ದೊಡ್ಡ ಚಿಪ್ಪಿನ ಮೇಲೆ ಸಾಸಿವೆಯಷ್ಟು ತೂತು. ಡಿಸ್ಕಿಗೆ ಹೋಗುವ ದಾರಿಯಲ್ಲಿದ್ದ ಫ್ಯೂಸು ಮೊದಲು ಹೋಗಿ ಡಿಸ್ಕನ್ನು ಉಳಿಸಿತ್ತು. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರು. ತಿರುಗಿತು. ನುಣ್ಣನೆ, ಒಂದು ಸದ್ದಿಲ್ಲದೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಅಂದರೆ ಇರುವುದನ್ನೆಲ್ಲ ಅಳಿಸಬೇಕು, ಮಾಡಲೇ? ಅಂಗಡಿಯವರು ಮೌಸಿನಿಂದ ಕೈ ತೆಗೆದು ದೂರ ಇಟ್ಟುಕೊಂಡರು. ಈ ಸಲ ಅವರು ತಮಾಷೆ ಮಾಡಲಿಲ್ಲ.

ಜೂನ್ 24ರಂದು ಪೆಟ್ಟಿಗೆಯನ್ನು ಗೌರಿಬಿದನೂರಿಗೆ ಒಯ್ದೆ. ರಿಪೇರಿಯವರು ಬೋರ್ಡನ್ನು ಬಹಳ ಹೊತ್ತು ನೋಡಿದರು. ಇದೇ ಬೋರ್ಡು ಇನ್ನೊಂದು ಸಿಕ್ಕರೆ, ಪಕ್ಕದಲ್ಲಿರುವ ಎಂಟು ಕಾಲಿನ ಸಣ್ಣ ಚಿಪ್ಪನ್ನು ಇದರಿಂದ ಎತ್ತಿ ಅದಕ್ಕೆ ಕೂರಿಸಬಹುದು, ಬೀಗದ ಕೈ ಅದರಲ್ಲಿದ್ದರೆ ತೆರೆಯುತ್ತದೆ ಅಂದರು. ಇದ್ದರೆ.

"ತಪ್ಪು ನಂದಮ್ಮ. ವೈರ್ ನೋಡ್ದೆ ಕಟ್ದೆ."

"ನೀವು ನೋಡ್ತೀನಿ ಅಂದ್ರಿ ಸಾರ್. ನಾನೇ ಬೇಡ ಅಂದಿದ್ದು."

"ನೀನು ಅಂದ್ಬಿಟ್ರೆ? ನಂಗೆ ನಲವತ್ತು ವರ್ಷದ ಕೈ ಐತಲ್ಲ, ಅದಕ್ಕೇನಾಗಿತ್ತು?"

ಅವರು ಅವತ್ತು ಬೇರೆ ಕೆಲಸ ಮುಟ್ಟಲಿಲ್ಲ. ತಮಗೆ ಗೊತ್ತಿರುವ ಹಿಂದೂಪುರದ ಇಬ್ಬರು ರಿಪೇರಿಯವರಿಗೆ ನನ್ನೆದುರೇ ಫೋನು ಮಾಡಿ ತೆಲುಗಿನಲ್ಲಿ ಕೇಳಿದರು. ಇಬ್ಬರ ಬಳಿಯೂ ಇರಲಿಲ್ಲ.

ಆ ಹಳ್ಳಿಯಲ್ಲಿ ಬಾಗಿಲು ಮುಚ್ಚಿತ್ತು. ಹುಳ ಹಣ್ಣಾಗಿ ಚಂದ್ರಿಕೆಯ ಬಿದಿರ ತಟ್ಟಿಗೆ ಹತ್ತಿ ಗೂಡು ಕಟ್ಟುತ್ತಿದ್ದವು. ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ನಂಬರು ಒತ್ತಿ ಕತ್ತರಿಸಿದೆ. ಆ ಮೂರನ್ನೂ ಬರೆದುಕೊಂಡಿದ್ದೇನೆ.

ಜುಲೈ 4, ಶುಕ್ರವಾರ, ಬೆಳಿಗ್ಗೆ 11. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಬಂದಿದ್ದರು. ತೊಳೆದ ತಟ್ಟೆಗಳು ಅಂಗಳದ ಬಿಸಿಲಿನಲ್ಲಿದ್ದವು. ನಿಂತುಕೊಂಡೇ ಎಲ್ಲ ಹೇಳಿದೆ: ಚಿತ್ರ ನನ್ನದು, ಸಾಲು ಬಿಟ್ಟದ್ದು ನಾನು, ಹಳೆಯದನ್ನು ಕುಯ್ದು ನೋಡುತ್ತೇನೆಂದವರನ್ನು ತಡೆದದ್ದೂ ನಾನು.

ತಂದೆ ಅಂದರು, "ನಾನೇ ಅವಸರ ಮಾಡಿದ್ದು. ಹುಳಕ್ಕೋಸ್ಕರ." ಎದ್ದು ತಟ್ಟೆಗಳನ್ನು ತಿರುವಿಹಾಕಲು ಹೋದರು. ಅವು ಆಗಲೇ ಒಣಗಿದ್ದವು.

ತಾಯಿ ನನ್ನ ಮುಖ ನೋಡಲಿಲ್ಲ. "ಬೈಬೇಕು ಅನ್ಸುತ್ತೆ. ಬೈಯಕ್ಕೂ ಬರ್ತಿಲ್ಲ ಕಣೇ" ಅಂದರು. ಅದುವರೆಗೆ ನನ್ನನ್ನು ಅಮ್ಮ ಎನ್ನುತ್ತಿದ್ದವರು ಕಣೇ ಅಂದದ್ದು ಅದೇ ಮೊದಲು. ಒಳಗೆ ಹೋದರು. ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ನಿಂತೆ. ಹತ್ತು ನಿಮಿಷದ ಮೇಲೆ ಮಜ್ಜಿಗೆ ತಂದು ಕೆಳಗಿಟ್ಟು ಕೂತರು.

"ಡಿಸ್ಕು ತಿರುಗುತ್ತೆ ಅಂದ್ಯಲ್ಲ."

"ತಿರುಗುತ್ತೆ."

"ಹಂಗಾದ್ರೆ ಅವಳು ಒಳಗವ್ಳೆ."

"ಹೂಂ. ಬೀಗ ತೆಗೆಯೋಕೆ ಆಗ್ತಿಲ್ಲ."

"ಬರ್ಕೋ" ಅಂದರು. "ನಮಗೆ ಗೊತ್ತಿರೋದನ್ನಾದ್ರೂ ಬರ್ಕೋ. ನಾನೂ ಮರೀತಾ ಇದೀನಿ. ಅಕ್ಕಪಕ್ಕದ ಮನೆಯೋರಿಗೂ ನಾಕೈದು ಗೊತ್ತು, ಕರೀತೀನಿ."

ಆ ದಿನ ಮತ್ತು ಮುಂದಿನ ಎರಡು ಭಾನುವಾರ ಅದನ್ನೇ ಮಾಡಿದೆವು. ಈ ಸಲ ಮೊಬೈಲಿನಲ್ಲಿ ವಿಡಿಯೊ, ಜೊತೆಗೆ ನೋಟ್‌ಬುಕ್ಕು. ಪ್ರತಿಯೊಂದಕ್ಕೂ ಮಾಡುವವರ ಎಡವೋ ನೋಡುವವರ ಎಡವೋ ಎಂದು ಬರೆದಿದ್ದೇನೆ. ತಾಯಿಯಿಂದ, ತಂದೆಯಿಂದ, ಎದುರು ಮನೆಯ ಅಜ್ಜಿಯಿಂದ, ದೊಡ್ಡವಳ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯರಿಂದ, ಚಿಕ್ಕವಳಿಂದ. ಒಟ್ಟು 57. ಪೆಟ್ಟಿಗೆಯಲ್ಲಿ ಮುನ್ನೂರರ ಮೇಲಿತ್ತೆಂದು ತಂದೆ ಹೇಳುತ್ತಾರೆ.

ಐವತ್ತೆಂಟನೆಯದನ್ನು ಎಣಿಸಿಲ್ಲ. ಕೊನೆಯ ಭಾನುವಾರ ಚಿಕ್ಕವಳು ಅದನ್ನು ನನಗೆ ಮಾಡಿದಳು. ಎಡಗೈ ಮುಷ್ಟಿ ಹಿಡಿದು, ಅದರ ಮೇಲೆ ಬಲಗೈಯ ಎರಡು ಬೆರಳಿನಿಂದ ಎರಡು ಸಲ ತಟ್ಟಿ, ಆಮೇಲೆ ಬಲಗೈಯನ್ನು ಬಿಚ್ಚುತ್ತ ಗಲ್ಲದವರೆಗೆ ತಂದು, ಹುಬ್ಬೇರಿಸಿ ಕಾಯುತ್ತಾಳೆ. ಅದೊಂದು ಪ್ರಶ್ನೆ; ಅಷ್ಟು ಎಲ್ಲರಿಗೂ ಗೊತ್ತಾಗುತ್ತದೆ. ತಾಯಿ ನೀರು ಕೊಟ್ಟರು. ತಲೆಯಾಡಿಸಿದಳು. ಬೆಲ್ಲ, ಗೊಂಬೆ, ಅಕ್ಕನ ಫೋಟೊ. ಅಲ್ಲ, ಅಲ್ಲ, ಅಲ್ಲ.

"ದಿನಾ ಕೇಳ್ತಾಳೆ" ಅಂದರು ತಾಯಿ. "ಅವಳು ಇದ್ದಾಗ ಕೇಳಿದ್ರೆ ಏನೋ ಹೇಳ್ತಿದ್ಲು, ಇವಳು ನಕ್ಬಿಟ್ಟು ಹೋಗ್ತಿದ್ಲು. ಏನ್ ಕೇಳ್ತಿದ್ಲು, ಏನ್ ಹೇಳ್ತಿದ್ಲು, ನಾನು ಒಲೆ ಮುಂದೆ ಇರ್ತಿದ್ದೆ. ನೋಡ್ಲಿಲ್ಲ."

ಇದನ್ನು ಬರೆಯುವ ಹೊತ್ತಿಗೆ ಆ ಬೋರ್ಡಿಗಾಗಿ ನಾಲ್ಕು ಊರುಗಳಲ್ಲಿ 34 ಕಡೆ ಕೇಳಿದ್ದೇನೆ. ಸಿಕ್ಕಿದ್ದು ಸೊನ್ನೆ. ಪುಸ್ತಕದ ಗಾತ್ರದ, ಮುಂದೆ ಒಂದೇ ನೀಲಿ ದೀಪವಿರುವ, ನಾಲ್ಕು ಪಿನ್ನಿನ ಸಾಕೆಟ್ಟಿರುವ, ಹನ್ನೆರಡೂ ಐದೂ ಎರಡೂ ಬೇಕೆನ್ನುವ ಹಳೆಯ ಸ್ಟೋರೇಜ್ ಪೆಟ್ಟಿಗೆ ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇದ್ದರೆ, ಕೆಟ್ಟಿದ್ದರೂ ಗುಜರಿಗೆ ಹಾಕಬೇಡಿ. ಬೀಗದ ಕೈಯ ಚಿಪ್ಪನ್ನು ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಕೂರಿಸಿ ಗೊತ್ತಿದ್ದವರು, ಅದು ಆಗದ ಕೆಲಸವೆಂದು ತಿಳಿದವರು ಕೂಡ, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.

ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತವರಿದ್ದರೆ, ಕಲಿಸಿದವರಿದ್ದರೆ: ಎಡಗೈ ಮುಷ್ಟಿ, ಬಲಗೈಯ ಎರಡು ಬೆರಳು, ಎರಡು ಸಲ, ಆಮೇಲೆ ಬಿಚ್ಚಿದ ಕೈ ಗಲ್ಲದವರೆಗೆ. ಎಡ ಬಲ ಎರಡೂ ಮಾಡುವವಳದ್ದು. ಇದು ಏನನ್ನು ಕೇಳುವುದೆಂದು ಗೊತ್ತಿದ್ದರೆ ತಿಳಿಸಿ. ಉತ್ತರ ಏನಿರಬೇಕೆಂದು ಗೊತ್ತಿದ್ದರೆ ಅದನ್ನೂ.